ಬಾವಿಯ ಉಸಿರಿಗೆ ಬಿಟ್ಟ ಪೈಪು

ಕೆಂಗೇರಿ
9 ಜೂನ್ 2025

ಶಶಿಕಲಾ ಅವರಿಗೆ ಹನುಮಂತಯ್ಯನ ನಮಸ್ಕಾರಗಳು.

ಹೆಸರು ನೋಡಿದ ಕೂಡಲೇ ಕಾಗದ ಹರಿಯಬೇಡಿ. ಒಂದು ಪುಟ ಓದಿ, ಆಮೇಲೆ ಹರಿಯಿರಿ. ಇಪ್ಪತ್ತೆಂಟು ವರ್ಷ ಮುಖ ತೋರಿಸದ ಮನುಷ್ಯನಿಗೆ ಈಗೇನು ಬಂತು ಅಂತ ನಿಮಗೆ ಅನ್ನಿಸುತ್ತದೆ. ಫೋನ್ ಮಾಡೋಣವೆಂದರೆ, ಬಾವಿಯೊಳಗೆ ಬಂಡೆಗೆ ಮದ್ದಿಟ್ಟು ಸಿಡಿಸಿದ ಕರ್ಮಕ್ಕೆ ನನ್ನ ಎರಡು ಕಿವಿಯೂ ಹೋಗಿ ಹತ್ತು ವರ್ಷವಾಯಿತು. ಅಳಿಯ ನಾಗೇಂದ್ರ ನನ್ನ ಹತ್ತಿರ ಮಾತಾಡಬೇಕಾದರೂ ಸ್ಲೇಟಿನ ಮೇಲೆ ಬರೆಯುತ್ತಾನೆ.

ಮೊನ್ನೆ ಗುರುವಾರ ಅವನ ಆಟೋದಲ್ಲಿ ಕಣ್ಣು ತೋರಿಸಲು ಸುಂಕದಕಟ್ಟೆಗೆ ಹೋಗುತ್ತಿದ್ದೆ. ಮಾಗಡಿ ರೋಡಿನಲ್ಲಿ ಗಾಡಿಗಳು ಕದಲುತ್ತಿರಲಿಲ್ಲವೆಂದು ಹೆಗ್ಗನಹಳ್ಳಿ ಒಳಗಿನಿಂದ ತಿರುಗಿಸಿದ. ನಿಮ್ಮ ಮನೆ ಪಕ್ಕದ ರಾಜಕಾಲುವೆ ಸೇತುವೆ ಮೇಲೆ ಐದು ನಿಮಿಷ ನಿಂತೆವು. ಕಾಲುವೆಯನ್ನು ಆಳ ಮಾಡಿದ್ದಾರೆ, ನನಗೆ ಗೊತ್ತೇ ಇರಲಿಲ್ಲ. ಮೊದಲಿಗಿಂತ ಒಂದಾಳು ಕೆಳಗಿದೆ. ಪಕ್ಕದ ಕಲ್ಲುಗೋಡೆಯಲ್ಲಿ ನೀರು ಜಿನುಗಲೆಂದು ಸಾಲಾಗಿ ತೂತು ಬಿಟ್ಟಿದ್ದಾರಲ್ಲ, ಎಲ್ಲದರಿಂದಲೂ ತಿಳಿನೀರು ಬರುತ್ತಿತ್ತು. ನಿಮ್ಮ ಮನೆಯ ನೇರಕ್ಕಿರುವ ತೂತಿನಿಂದ ಮಾತ್ರ ಕೆಂಪುನೀರು.

ನಾನು ಓದಿದವನಲ್ಲ. ಆದರೆ ನಲವತ್ತು ವರ್ಷ ನೆಲದೊಳಗೆ ಇಳಿದು ಹತ್ತಿದವನು. ತಿಳಿನೀರು ಬಂದರೆ ನೀರು ಮಾತ್ರ ಹೋಗುತ್ತಿದೆ ಅಂತ ಅರ್ಥ. ಕೆಂಪುನೀರು ಬಂದರೆ ನೆಲವೂ ಹೋಗುತ್ತಿದೆ.

ಮೂರೇ ಪ್ರಶ್ನೆ. ಮನೆ ಕಟ್ಟುವ ಮೊದಲು ನಿಮ್ಮ ಸೈಟಿನ ಬಾವಿ ಮುಚ್ಚಿದಾಗ ಅದು ಉಸಿರಾಡಲಿ ಅಂತ ಮುಂದಿನ ರೂಮಿನ ಹೊರಮೂಲೆಯಲ್ಲಿ ಒಂದು ಪೈಪು ಬಿಟ್ಟಿದ್ದೆ. ಅದು ಇದೆಯೇ? ಅದರೊಳಗೆ ಯಾರಾದರೂ ನೀರು ಬಿಡುತ್ತಿದ್ದಾರೆಯೇ? ಆ ರೂಮಿನಲ್ಲಿ ಈಗ ಯಾರು ಮಲಗುತ್ತಾರೆ?

ಉತ್ತರ ಬರೆಯಿರಿ, ಬೈದಾದರೂ ಬರೆಯಿರಿ.

ಇಂತಿ,
ಬಾವಿ ಹನುಮಂತಯ್ಯ

*

ಹೆಗ್ಗನಹಳ್ಳಿ
17 ಜೂನ್ 2025

ಹನುಮಂತಯ್ಯನವರಿಗೆ,

ಕಾಗದ ಹರಿಯಲಿಲ್ಲ. ಸ್ಕೂಲ್ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು, ಬಂದ ಪತ್ರಕ್ಕೆ ಉತ್ತರ ಕೊಡದೆ ಫೈಲ್ ಮುಚ್ಚಿ ಅಭ್ಯಾಸವಿಲ್ಲ.

ಆದರೆ ಮೊದಲು ನನ್ನದೊಂದು ಪ್ರಶ್ನೆ. ನಮ್ಮ ಯಜಮಾನರು ತೀರಿಕೊಂಡು ಏಳು ವರ್ಷವಾಯಿತು. ನೀವು ಮಣ್ಣಿಗೂ ಬರಲಿಲ್ಲ, ಹನ್ನೊಂದರ ದಿನಕ್ಕೂ ಬರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರು ನೀವಿಬ್ಬರು. ಆಸ್ಪತ್ರೆಯಲ್ಲಿ ಎರಡು ಸಲ ಕೇಳಿದರು, "ಹನುಮಂತ ಬಂದ್ನೇನೇ?" ಅಂತ. ಬರ್ತಾರೆ ಅಂತ ಎರಡು ಸಲವೂ ಸುಳ್ಳು ಹೇಳಿದೆ. ಆ ಸುಳ್ಳನ್ನು ನಿಮ್ಮ ಲೆಕ್ಕಕ್ಕೆ ಬರೆದಿದ್ದೇನೆ.

ಇರಲಿ, ನೀವು ಕೇಳಿದ್ದು ಪೈಪಿನ ವಿಷಯ. ಪೈಪು ಇದೆ. ಶುಕ್ರವಾರ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚುತ್ತೇನೆ, ಗಂಗಮ್ಮನ ಜಾಗವಲ್ಲವೇ. ಮೂರು ವರ್ಷದ ಹಿಂದೆ ಮಳೆನೀರು ಇಂಗಿಸಬೇಕು ಅಂತ ಎಲ್ಲ ಕಡೆ ಹೇಳುತ್ತಿದ್ದಾಗ, ತಾರಸಿ ನೀರೆಲ್ಲ ಅದರೊಳಗೆ ಇಳಿಯುವಂತೆ ಜೋಡಣೆ ಮಾಡಿಸಿದೆ. ಪ್ಲಂಬರ್ ಕೂಡ ಭೇಷ್ ಅಂದ. ಮುಚ್ಚಿಸಿಕೊಂಡ ತಾಯಿಗೆ ನೀರು ಕೊಟ್ಟ ಪುಣ್ಯ ಅಂದುಕೊಂಡಿದ್ದೇನೆ.

ರೂಮಿನಲ್ಲಿ ಬಾಡಿಗೆಯವರಿದ್ದಾರೆ. ಗದಗದ ಕಡೆಯ ಹುಡುಗ ದುಂಡೇಶ, ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಾನೆ. ಹೆಂಡತಿ ಉಮಾಶ್ರೀ, ತಾಯಿ ಬಸವ್ವ. ನಾನು ಹಿಂದಿನ ಭಾಗದ ಮಹಡಿಯಲ್ಲಿದ್ದೇನೆ. ಎಲ್ಲರೂ ಚೆನ್ನಾಗಿದ್ದೇವೆ.

ಶಶಿಕಲಾ

*

ಕೆಂಗೇರಿ
21 ಜೂನ್ 2025

ಶಶಿಕಲಾ ಅವರೇ,

ಈ ಕಾಗದ ಕೈಗೆ ಬಂದ ಕ್ಷಣವೇ ತಾರಸಿ ಪೈಪು ಕಿತ್ತು ನೀರನ್ನು ರಸ್ತೆಗೆ ಬಿಡಿ. ಪುಣ್ಯದ ಮಾತು ಆಮೇಲೆ ಆಡೋಣ.

ಪೈಪು ಬಿಟ್ಟಿದ್ದು ಗಾಳಿಗೆ, ನೀರಿಗಲ್ಲ. ಮುಚ್ಚಿದ ಬಾವಿಗೆ ಮೇಲಿನಿಂದ ಸುರಿದ ನೀರು ಅಲ್ಲೇ ಕೂರುವುದಿಲ್ಲ, ತಗ್ಗು ಹುಡುಕುತ್ತದೆ. ಮೊದಲು ಕಾಲುವೆ ಎತ್ತರದಲ್ಲಿತ್ತು, ನೀರಿಗೆ ದಾರಿ ಇರಲಿಲ್ಲ. ಈಗ ಕಾಲುವೆ ಒಂದಾಳು ಕೆಳಗೆ ಹೋಗಿದೆ, ನಡುವೆ ಇರುವುದು ಹತ್ತು ಹನ್ನೆರಡು ಅಡಿ ಮರಳುಮಣ್ಣು. ನೀರು ಮೊದಲು ಒಂದು ಎಳೆಯಷ್ಟು ದಾರಿ ಮಾಡುತ್ತದೆ. ಆ ಎಳೆಯಲ್ಲಿ ಸಣ್ಣ ಮಣ್ಣು ಹೊರಟುಹೋಗುತ್ತದೆ, ದಾರಿ ಬೆರಳಿನಷ್ಟಾಗುತ್ತದೆ. ಮುಂದಿನ ಮಳೆಗೆ ಕೈ ಹೋಗುವಷ್ಟು. ಮೇಲೆ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಬೆಟ್ಟ ಕರಗುವುದೂ ಹೊಳೆ ದಡ ಕುಸಿಯುವುದೂ ಹೀಗೆಯೇ, ಅದಕ್ಕೆ ನೂರಾರು ವರ್ಷ ಬೇಕು. ನಿಮ್ಮ ತಾರಸಿ ನೀರಿಗೆ ಮೂರು ವರ್ಷ ಸಿಕ್ಕಿದೆ.

ಆ ಕಾಲುವೆ ಮುಂದೆ ವೃಷಭಾವತಿ ಸೇರಿ ನನ್ನ ಮನೆ ಹಿಂದೆಯೇ ಹರಿಯುತ್ತದೆ. ಕಪ್ಪುನೀರಿನ ನಡುವೆ ಕೆಂಪು ಗೆರೆ ಕಂಡರೆ ಸಾಕು, ಇದು ನಿಮ್ಮ ಯಜಮಾನ ಅಂಜಿನಯ್ಯನ ಮನೆಯ ಮಣ್ಣೇ ಅನ್ನಿಸಿ ಊಟ ಸೇರುತ್ತಿಲ್ಲ. ನೂರು ಕಡೆಯ ಮಣ್ಣು ಅದರಲ್ಲಿ ಬರುತ್ತದೆ, ಗೊತ್ತು. ಆದರೂ ಸೇರುತ್ತಿಲ್ಲ.

ಇನ್ನೊಂದು ಕೆಲಸ. ರೂಮಿನ ಗೋಡೆಯಲ್ಲಿ ಬಿರುಕಿದ್ದರೆ, ಅದರ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಸಿಮೆಂಟ್ ಮೆತ್ತಿ ತಾರೀಕು ಬರೆಯಿರಿ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ.

ಇಂತಿ,
ಹನುಮಂತಯ್ಯ

*

ಹೆಗ್ಗನಹಳ್ಳಿ
18 ಜುಲೈ 2025

ಹನುಮಂತಯ್ಯನವರಿಗೆ,

ತಡವಾಯಿತು. ತಾರಸಿ ಪೈಪು ಕೀಳಿಸಲು ಪ್ಲಂಬರ್ ಸಿಕ್ಕಿದ್ದು ಹೋದ ವಾರ. ನಡುವೆ ಎರಡು ದೊಡ್ಡ ಮಳೆ ಬಂದವು, ಬಚ್ಚಿಟ್ಟು ಏನು ಪ್ರಯೋಜನ.

ಮೂಲೆಯಲ್ಲಿ ಬಿರುಕಿದೆ. ಉಮಾಶ್ರೀಗೆ ಏನೋ ಒಂದು ಸಬೂಬು ಹೇಳಿ ಗಾಜು ಕೂರಿಸಿದೆ. ಒಂಬತ್ತನೆಯ ದಿನ ಒಡೆಯಿತು. ಇನ್ನೊಂದು ಕೂರಿಸಿದೆ. ಅದು ಐದನೆಯ ದಿನಕ್ಕೆ ಹೋಯಿತು.

ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬಸವ್ವ. ಆಕೆ ನೆಲದ ಮೇಲೆ ಕಲ್ಲು ಹಾಕಿಕೊಂಡು ಜೋಳದ ರೊಟ್ಟಿ ತಟ್ಟುತ್ತಾಳೆ. ಸೋಮವಾರ ಕಲ್ಲನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದಳು. ಯಾಕಮ್ಮಾ ಅಂದೆ. "ಆ ಮೂಲ್ಯಾಗ ತಟ್ಟಿದ್ರ ನೆಲ ಬ್ಯಾರೆ ದನಿ ಕೊಡಾಕತ್ತೈತ್ರೀ ಅಕ್ಕಾರ. ಕೆಳಗ ಹಗೇವು ಐತೇನು?" ಅಂದಳು. ಅವರ ಊರಲ್ಲಿ ಜೋಳ ತುಂಬಿಡಲು ನೆಲದೊಳಗೆ ಕಣಜ ತೋಡುತ್ತಾರಂತೆ, ಅದಕ್ಕೆ ಹಗೇವು ಅನ್ನುತ್ತಾರೆ. ಅದರ ಮೇಲೆ ಓಡಾಡಿ ಬೆಳೆದವಳಿಗೆ ಅಂಗಾಲಿನಲ್ಲೇ ಗೊತ್ತಾಗುತ್ತದಂತೆ. ಇಲ್ಲ ಅಂದೆ. ನನ್ನ ಮುಖ ಒಂದು ಗಳಿಗೆ ನೋಡಿ ಮತ್ತೆ ರೊಟ್ಟಿ ತಟ್ಟಿದಳು.

ಈಗ ನೇರವಾಗಿ ಕೇಳುತ್ತೇನೆ. ನೀವು ಆ ಬಾವಿಯನ್ನು ಪೂರ್ತಿ ತುಂಬಿದಿರೋ ಇಲ್ಲವೋ?

ಶಶಿಕಲಾ

*

ಕೆಂಗೇರಿ
22 ಜುಲೈ 2025

ಶಶಿಕಲಾ ಅವರೇ,

ಇಲ್ಲ.

ಮೂರು ಕಾಗದ ಬರೆದು ಹರಿದು, ಇದು ನಾಲ್ಕನೆಯದು. ಬಾವಿ ನಲವತ್ತೈದು ಅಡಿ. ಕಲ್ಲು, ಜಲ್ಲಿ, ಮಣ್ಣು ಅಂತ ಪದರ ಪದರವಾಗಿ ನೀರು ಹೊಡೆದು ದಿಮ್ಮಸಿನಿಂದ ಬಡಿದು ತುಂಬಬೇಕು, ಮೇಲೆ ಎರಡು ಮಳೆಗಾಲ ಸುಮ್ಮನೆ ಬಿಡಬೇಕು. ನನಗೆ ಗೊತ್ತಿಲ್ಲದ್ದೇನಲ್ಲ. 1997ರ ಜೂನಿನಲ್ಲಿ ಇಪ್ಪತ್ತು ಅಡಿ ತುಂಬುವಷ್ಟರಲ್ಲಿ ಮಳೆ ಹಿಡಿಯಿತು, ಕೆಸರಿನಲ್ಲಿ ಲಾರಿ ಒಳಗೆ ಬರಲಿಲ್ಲ. ಅಂಜಿನಯ್ಯ ಪಂಚಾಂಗ ಹಿಡಿದುಕೊಂಡು ಬಂದ. "ಆಷಾಢ ಹುಟ್ಟೋಕ್ಮುಂಚೆ ಪಾಯ ಪೂಜೆ ಆಗ್ಲೇಬೇಕು ಕಣೋ, ತಪ್ಪಿದ್ರೆ ಈ ವರ್ಷ ಮನೆ ಏಳಲ್ಲ" ಅಂದ. ಆಗುವುದಿಲ್ಲ ಅನ್ನಬೇಕಿತ್ತು. ಸ್ನೇಹಿತನ ಮುಂದೆ ನನ್ನ ಕೈಲಾಗಲಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಆ ವರ್ಷ ಹೊಲಗಳೆಲ್ಲ ಸೈಟಾಗುತ್ತಿದ್ದವು, ಎಲ್ಲರಿಗೂ ಆಷಾಢದ ಅವಸರ, ಎಲ್ಲರಿಗೂ ಹನುಮಂತಯ್ಯನೇ ಬೇಕು. ಆ ಜಂಬವೂ ಇತ್ತು.

ಮೇಲಿನಿಂದ ಎಂಟು ಅಡಿ ಕೆಳಗೆ, ಬಾವಿಯ ಕಲ್ಲಿನ ಅಂಚಿನ ಮೇಲೆ ಚಪ್ಪಡಿ ಹಾಸಿದೆ. ಅದರ ಮೇಲೆ ಮಣ್ಣು ಎಳೆದು ತುಳಿದೆ. ನಡುವೆ ಹದಿನೇಳು ಅಡಿ ಬರೀ ಗಾಳಿ. ಅಂಜಿನಯ್ಯನಿಗೆ ಗೊತ್ತಿಲ್ಲ. ಗೃಹಪ್ರವೇಶದ ದಿನ ಅದೇ ರೂಮಿನಲ್ಲಿ ಎಲೆ ಹಾಕಿ ನನ್ನನ್ನು ಕೂರಿಸಿದ. ಎಲೆ ಮಡಚಿ ಎದ್ದುಬಂದೆ. ಅವತ್ತೇ ಕೊನೆ, ನಿಮ್ಮ ಹೊಸಿಲು ತುಳಿಯಲಿಲ್ಲ. ಅವನು ಸತ್ತಾಗಲೂ ಸೇತುವೆವರೆಗೆ ಬಂದಿದ್ದೆ. ಶಾಮಿಯಾನ ಹಾಕಿ ಆ ರೂಮಿನ ಮುಂದೆಯೇ ಮಲಗಿಸಿದ್ದಿರಿ. ನೂರು ಜನ ನಿಂತಿದ್ದರು. ಸೇತುವೆಯಿಂದಲೇ ತಿರುಗಿ ಹೋದೆ.

ಚಪ್ಪಡಿ ಕೂತಿರುವುದು ಅಂಚಿನ ಮೇಲೆ. ಆ ಅಂಚಿನ ಹಿಂದಿನ ಮಣ್ಣೇ ಈಗ ಕಾಲುವೆಗೆ ಹೋಗುತ್ತಿರುವುದು. ಅವರನ್ನು ಇವತ್ತೇ ಆ ರೂಮಿನಿಂದ ಖಾಲಿ ಮಾಡಿಸಿ. ನನ್ನ ಹೆಸರು ಹೇಳಿ, ನಾನು ಕಳ್ಳ ಅಂತ ಬೀದಿಗೆಲ್ಲ ಹೇಳಿ.

ಹನುಮಂತಯ್ಯ

*

ಹೆಗ್ಗನಹಳ್ಳಿ
30 ಆಗಸ್ಟ್ 2025

ಹನುಮಂತಯ್ಯನವರಿಗೆ,

ಇಷ್ಟು ದಿನ ಬರೆಯದಿದ್ದುದಕ್ಕೆ ನಿಮ್ಮ ಮೇಲಿನ ಕೋಪ ಕಾರಣವಲ್ಲ. ಕೋಪಿಸಿಕೊಳ್ಳಲು ನನಗೆ ಹಕ್ಕಿದೆಯೇ ಅಂತ ಯೋಚಿಸುತ್ತಿದ್ದೆ.

ನಮ್ಮ ಯಜಮಾನರಿಗೆ ಗೊತ್ತಿತ್ತು. ಮನೆಗೆ ಬಂದ ವರ್ಷವೇ ಗೊತ್ತಾಯಿತು. ಲೇತ್ ಕೆಲಸದವರಲ್ಲವೇ, ಜೇಬಿನಲ್ಲಿ ಸದಾ ಒಂದೆರಡು ಉಕ್ಕಿನ ಗುಂಡು ಇರುತ್ತಿದ್ದವು. ಒಂದು ದಿನ ಪೈಪಿನೊಳಗೆ ಒಂದು ಹಾಕಿ ಕಿವಿ ಇಟ್ಟರು. ತುಂಬಿದ ಮಣ್ಣಿಗೆ ಬಡಿಯದೆ ಗುಂಡು ಟೊಳ್ಳಿನಲ್ಲಿ ದೂರ ಇಳಿದು ಸದ್ದು ಮಾಡಿತಂತೆ. "ಈ ರೂಮಲ್ಲಿ ನಾವು ಮಲಗೋದ್ ಬೇಡ ಕಣೇ. ಹನುಮಂತನ್ನ ಏನೂ ಕೇಳ್ಬೇಡ, ಅವಸರ ಮಾಡಿದ್ದು ನಾನು" ಅಂದರು. ಅಷ್ಟೇ. ಆಮೇಲೆ ಆ ಮಾತು ಎತ್ತಲಿಲ್ಲ. ಮಹಡಿ ಕಟ್ಟಿದ್ದು ಹಿಂದಿನ ಭಾಗದ ಮೇಲೆ ಮಾತ್ರ, ಮುಂದಿನ ರೂಮಿಗೆ ಇವತ್ತಿಗೂ ಶೀಟು. ಅದರಲ್ಲಿ ಸ್ಕೂಟರ್ ನಿಲ್ಲುತ್ತಿತ್ತು, ಹಳೇ ಸಾಮಾನು ಇರುತ್ತಿತ್ತು. ಆಸ್ಪತ್ರೆಯಲ್ಲಿ ನಿಮ್ಮನ್ನು ಕೇಳಿದ್ದು ಬೈಯುವುದಕ್ಕಲ್ಲ. ಬಿಡೋ ಅಂತ ಹೇಳುವುದಕ್ಕೆ.

ಆಮೇಲಿನದು ನನ್ನದು. ಇವರು ಹೋದ ಮರುವರ್ಷ ಆ ರೂಮು ಬಾಡಿಗೆಗೆ ಕೊಟ್ಟೆ. ಇಪ್ಪತ್ತು ವರ್ಷ ಏನೂ ಆಗಿಲ್ಲ, ಇನ್ನೇನಾಗುತ್ತದೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಅಂದುಕೊಳ್ಳಲೂ ಇಲ್ಲ. ನಾನು ಮಲಗದ ಜಾಗದಲ್ಲಿ ಬೇರೆಯವರನ್ನು ಮಲಗಿಸಿದೆ. ಪೈಪಿಗೆ ನೀರು ಬಿಡುವಾಗ, ನೀರು ತುಂಬಿದರೆ ಟೊಳ್ಳು ತುಂಬೀತು ಅನ್ನುವ ಆಸೆಯೂ ಒಳಗೆಲ್ಲೋ ಇತ್ತು.

ಈಗ ಅವರು ಸುರಕ್ಷಿತವಾಗಿದ್ದಾರೆ. ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ ಅಂತ ಹೇಳಿ ಮನೆ ಬದಲಾಯಿಸಿಕೊಂಡೆ. ಅವರು ಮೇಲೆ, ನಾನು ಕೆಳಗೆ. ಉಮಾಶ್ರೀಗೆ ಖುಷಿಯೋ ಖುಷಿ, ಗಾಳಿ ಬೆಳಕು ಚೆನ್ನಾಗಿದೆ ಅಂತ. ಬಸವ್ವ ಮಾತ್ರ ಎಲ್ಲರಿಗಿಂತ ಮೊದಲು ರೊಟ್ಟಿಯ ಕಲ್ಲು ಹೊತ್ತುಕೊಂಡು ಮೆಟ್ಟಿಲು ಹತ್ತಿದಳು.

ಒಂದು ವಿಷಯ. ಶುಕ್ರವಾರ ಪೈಪಿನ ಹತ್ತಿರ ಹಚ್ಚಿದ ಊದುಬತ್ತಿಯ ಹೊಗೆ ಮೇಲೆ ಹೋಗುತ್ತಿಲ್ಲ. ಬಾಗಿ ಪೈಪಿನೊಳಗೆ ಇಳಿಯುತ್ತಿದೆ. ಯಾಕೆ?

ಶಶಿಕಲಾ

*

ಕೆಂಗೇರಿ
4 ಸೆಪ್ಟೆಂಬರ್ 2025

ಶಶಿಕಲಾ ಅವರೇ,

ಇದನ್ನು ಅಂಚೆಗೆ ಹಾಕುತ್ತಿಲ್ಲ, ನಾಗೇಂದ್ರನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೊಗೆ ಒಳಗೆ ಹೋಗುತ್ತಿದೆ ಅಂದರೆ ಆ ಕಡೆ ಬಾಯಿ ಬಿಟ್ಟಿದೆ ಅಂತ. ಬಾವಿಗೂ ಕಾಲುವೆಗೂ ನಡುವೆ ಗಾಳಿ ಓಡಾಡುವಷ್ಟು ದಾರಿಯಾಗಿದೆ.

ಅವರನ್ನು ಮೇಲೆ ಕಳಿಸಿ ನೀವು ಕೆಳಗೆ ಮಲಗುವುದು ಯಾವ ಸೀಮೆಯ ನ್ಯಾಯ? ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದವನು ನಾನು. ನನ್ನ ಪಾಲನ್ನು ನೀವು ಕಸಿದುಕೊಳ್ಳಬೇಡಿ. ಆಟೋ ಬಾಗಿಲಲ್ಲಿ ನಿಂತಿದೆ, ಒಂದು ಚೀಲ ಹಿಡಿದುಕೊಂಡು ಹತ್ತಿ. ಮಗಳು ಮಾಲಾ ನಿಮಗೆ ಹಾಸಿಗೆ ಹಾಕಿಟ್ಟಿದ್ದಾಳೆ.

ಹನುಮಂತಯ್ಯ

*

ಹೆಗ್ಗನಹಳ್ಳಿ
5 ಸೆಪ್ಟೆಂಬರ್ 2025

ಹನುಮಂತಯ್ಯನವರಿಗೆ,

ನಿಮ್ಮ ಅಳಿಯ ಒಳ್ಳೆಯವರು. ಕಾಫಿ ಕೊಟ್ಟೆ, ನಿಂತುಕೊಂಡೇ ಕುಡಿದರು. ಕೂರಲು ಹೆದರಿಕೆ ಅಂತ ಗೊತ್ತಾಯಿತು.

ನಿಮ್ಮ ಮಾತು ಒಪ್ಪಿದೆ, ಬರುತ್ತೇನೆ. ಆದರೆ ನಾಳಿದ್ದು ಭಾನುವಾರ ಗ್ರಹಣ, ಮರುದಿನದಿಂದ ಪಿತೃಪಕ್ಷ. ಪಕ್ಷದಲ್ಲಿ ಮನೆ ಬಿಟ್ಟು ಹೋಗಬಾರದು, ನೆಲಕ್ಕೆ ಗುದ್ದಲಿಯನ್ನೂ ಹಾಕಬಾರದು. ಇವರಿಗೆ ಎಡೆ ಇಡಬೇಕಾದದ್ದೂ ಇವರ ಮನೆಯಲ್ಲೇ ತಾನೆ. ಮಹಾಲಯ ಅಮಾವಾಸ್ಯೆ ಇಪ್ಪತ್ತೊಂದಕ್ಕೆ. ಮರುದಿನ ಬೆಳಿಗ್ಗೆ ನಾನು ಹೊರಗೆ, ಬಾವಿ ತುಂಬುವ ನಿಮ್ಮ ಲಾರಿಗಳು ಒಳಗೆ. ಉಮಾಶ್ರೀಗೂ ಅವತ್ತೇ ಎಲ್ಲ ಹೇಳುತ್ತೇನೆ. ಸತ್ತವರ ಹೆಸರು ಪಕ್ಷದಲ್ಲಿ ಬೀದಿಗೆ ಬರುವುದು ಬೇಡ.

ಹದಿನೈದು ದಿನ. ಇಪ್ಪತ್ತೆಂಟು ವರ್ಷ ನಿಂತ ನೆಲ.

ಶಶಿಕಲಾ

*

ಕೆಂಗೇರಿ
10 ಸೆಪ್ಟೆಂಬರ್ 2025

ಶಶಿಕಲಾ ಅವರೇ,

ನಾನೂ ಪಂಚಾಂಗ ನೋಡಿದೆ. ಬಾವಿ ಕೆಲಸದ ಮೇಸ್ತ್ರಿ ತಮ್ಮಣ್ಣನನ್ನು ನಾಗೇಂದ್ರನ ಕೈಲಿ ಕೇಳಿಸಿದೆ, ಪಕ್ಷದಲ್ಲಿ ಬಾವಿ ಬಾಯಿಗೆ ಕೈ ಹಾಕುವವರು ಯಾರೂ ಇಲ್ಲ ಅಂದ. ಆಗಲಿ. ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ಆರಕ್ಕೆ ನಾನೇ ಬರುತ್ತೇನೆ, ಈ ಸಲ ಹೊಸಿಲು ದಾಟಿ ಬರುತ್ತೇನೆ. ಅಲ್ಲಿಯವರೆಗೆ ಮಂಚವನ್ನು ಬಾಗಿಲ ಪಕ್ಕಕ್ಕೆ ಎಳೆದುಕೊಳ್ಳಿ, ಆ ಮೂಲೆಗೆ ಹೋಗಬೇಡಿ.

ನಿನ್ನೆ ಮಳೆ ಬಂತು. ಹೊಳೆಯಲ್ಲಿ ಕೆಂಪು ಜಾಸ್ತಿಯಾಗಿದೆ.

ಹನುಮಂತಯ್ಯ

*

ಹೆಗ್ಗನಹಳ್ಳಿ
27 ಸೆಪ್ಟೆಂಬರ್ 2025

ಹನುಮಂತಯ್ಯ ಅಜ್ಜಾರಿಗೆ,

ನಾನು ಉಮಾಶ್ರೀ. ಇಪ್ಪತ್ತೆರಡಕ್ಕೆ ನೀವು ಬಂದಾಗ ಪೊಲೀಸರು, ಜನ ತುಂಬಿದ್ದರು. ನೀವು ಹಗ್ಗದ ಆಚೆ ನಿಂತು ಅಳುತ್ತಿದ್ದಿರಿ. ನೀವು ಯಾರೆಂದು ಆಗ ನನಗೆ ಗೊತ್ತಿರಲಿಲ್ಲ. ಶಶಿಕಲಾ ಅಮ್ಮಾರ ಮಂಚದ ಕೆಳಗಿದ್ದ ಡಬ್ಬಿಯಲ್ಲಿ ನಿಮ್ಮ ಕಾಗದಗಳು ಸಿಕ್ಕವು. ಅವರು ಬರೆದದ್ದರ ನಕಲನ್ನೂ ತಾರೀಕಿನ ಪ್ರಕಾರ ಇಟ್ಟಿದ್ದಾರೆ. ಎಲ್ಲವನ್ನೂ ಓದಿದೆ.

ನಡೆದದ್ದು ನಿಮಗೆ ತಿಳಿಯಬೇಕು. ಹತ್ತೊಂಬತ್ತನೇ ತಾರೀಕು, ಶುಕ್ರವಾರ, ಮಧ್ಯಾಹ್ನ ಮೂರೂವರೆ. ಹಿಂದಿನ ದಿನ ಜೋರು ಮಳೆಯಾಗಿತ್ತು, ಅವತ್ತು ಬಿಸಿಲಿತ್ತು. ಅತ್ತೆ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಅಂಗೈಯನ್ನು ನೆಲಕ್ಕೆ ಒತ್ತಿ ಕೂತರು. ಆಮೇಲೆ ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಗೆ ಓಡಿ, "ಅಕ್ಕಾರ, ಹೊರಗ ಬರ್ರಿ" ಅಂತ ಕೂಗಿದರು. ಅಮ್ಮಾರು ಪೈಪಿನ ಗೋಡೆಯ ಒಳಬದಿಗೆ, ಆ ಮೂಲೆಯಲ್ಲಿ, ಯಜಮಾನರ ಫೋಟೋ ಇಟ್ಟು ಹೂ ಹಾಕುತ್ತಿದ್ದರು. "ದೀಪ ಹಚ್ಚಿ ಬರ್ತೀನಿ ಕಣವ್ವಾ" ಅಂದದ್ದು ನನಗೂ ಕೇಳಿಸಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಜೋಳದ ಚೀಲ ಸುರಿದ ಹಾಗೆ ಆಯಿತು, ಅಷ್ಟೇ. ನಾವು ಇಳಿದು ನೋಡುವಷ್ಟರಲ್ಲಿ ಬಾಗಿಲು ಇತ್ತು, ಬಾಗಿಲ ಪಕ್ಕದ ಮಂಚ ಇತ್ತು, ಉಳಿದದ್ದು ಇರಲಿಲ್ಲ. ಅಮ್ಮಾರನ್ನು ಮೇಲೆ ತಂದದ್ದು ಮೂರನೇ ದಿನ, ಅಮಾವಾಸ್ಯೆಗೆ.

ನನಗೆ ಬೈಯಲು ಬರುವುದಿಲ್ಲ. ಆದರೆ ಒಂದು ಹೇಳದೆ ಇರಲಾರೆ. ಮೂರು ವರ್ಷ ನಾವು ಅಲ್ಲಿ ಮಲಗಿದೆವು. ನಾನು ಈಗ ಐದು ತಿಂಗಳ ಬಸುರಿ. ಬಾವಿಯ ವಿಷಯ ನಿಮಗೆ ಗೊತ್ತಿತ್ತು, ಸತ್ತ ಯಜಮಾನರಿಗೆ ಗೊತ್ತಿತ್ತು, ಅಮ್ಮಾರಿಗೆ ಗೊತ್ತಿತ್ತು. ಮೇಲೆ ಹೋಗಿ ಅನ್ನುವ ಬದಲು ಯಾಕೆ ಅಂತ ನಮಗೆ ಹೇಳಿದ್ದರೆ, ಅವರನ್ನು ನಾವು ಒಂದು ದಿನವೂ ಕೆಳಗೆ ಬಿಡುತ್ತಿರಲಿಲ್ಲ. ದುಂಡೇಶ ಎತ್ತಿಕೊಂಡಾದರೂ ಮೇಲೆ ತರುತ್ತಿದ್ದ. ನಮಗೆ ನಿಮ್ಮ ಪಂಚಾಂಗ ಬೇಕಿರಲಿಲ್ಲ.

ನಿಮ್ಮ ಕಾಗದಗಳನ್ನು ಅತ್ತೆಗೆ ಓದಿ ಹೇಳಿದೆ. ಆಷಾಢದ ಅವಸರ ಅಂತ ಬರೆದಿರಲ್ಲ, ಅಲ್ಲಿ ನನ್ನನ್ನು ತಡೆದರು. "ಎಲ್ಲಾರಿಗೂ ಅವಸರ ಅಂದ್ರ, ಇಂಥವು ಇನ್ನೂ ಎಷ್ಟು ಅದಾವು ಅಂತ ಕೇಳು" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಉಮಾಶ್ರೀ

*

ಕೆಂಗೇರಿ
29 ಸೆಪ್ಟೆಂಬರ್ 2025

ಈ ಮನೆಯಲ್ಲಿ ಈಗ ವಾಸವಿರುವವರಿಗೆ,
ಸುಂಕದಕಟ್ಟೆ.

ನೀವು ಯಾರೆಂದು ನನಗೆ ಗೊತ್ತಿಲ್ಲ. ನೀವಿರುವ ಜಾಗದಲ್ಲಿ ಮೊದಲು ಹೂವಿನ ತೋಟವಿತ್ತು, ತೋಟಕ್ಕೊಂದು ಬಾವಿಯಿತ್ತು. 1997ರಲ್ಲಿ ಅದನ್ನು ಮುಚ್ಚಿದವನು ನಾನು. ಆ ವರ್ಷ ಹೀಗೆ ಪೂರ್ತಿ ತುಂಬದೆ ಏಳು ಮುಚ್ಚಿದೆ. ಒಂದು ಹತ್ತು ದಿನದ ಹಿಂದೆ ಒಬ್ಬರನ್ನು ಒಳಗೆ ಎಳೆದುಕೊಂಡಿತು. ಉಳಿದ ಆರಕ್ಕೂ ಇವತ್ತು ಕಾಗದ ಬರೆಯುತ್ತಿದ್ದೇನೆ, ನಾಗೇಂದ್ರ ಆಟೋದಲ್ಲಿ ಮನೆಮನೆಗೆ ತಂದು ಕೊಡುತ್ತಾನೆ. ನಾನೂ ಅವನ ಜೊತೆಗೇ ಬಂದು ಬೀದಿಯಲ್ಲಿ ನಿಂತಿದ್ದೇನೆ, ಕಿವಿ ಕೇಳಿಸದ ಮುದುಕ.

ನಿಮ್ಮ ಮನೆಯ ಯಾವುದಾದರೂ ಮೂಲೆಯಲ್ಲಿ, ಯಾಕೆಂದು ಯಾರಿಗೂ ಗೊತ್ತಿಲ್ಲದ ಒಂದು ಕಬ್ಬಿಣದ ಪೈಪು ನೆಲದಿಂದ ಮೇಲೆ ಬಂದಿದೆಯೇ ನೋಡಿ. ಇದ್ದರೆ ಎಲ್ಲರನ್ನೂ ಕರೆದುಕೊಂಡು ಈಗಲೇ ಹೊರಗೆ ಬನ್ನಿ. ಬಟ್ಟೆ ಬರೆ ತೆಗೆದುಕೊಳ್ಳಬೇಡಿ, ದೀಪ ಹಚ್ಚಿ ಬರುತ್ತೇನೆ ಅನ್ನಬೇಡಿ.

ಇವತ್ತು ಯಾವ ದಿನ ಅಂತ ನೋಡಬೇಡಿ.

ಹನುಮಂತಯ್ಯ